ನಿಧಾನವಾಗಿಯೇ ಕಲಿಯುವವರಿಗೆ: ಸಂಗೀತ, ಕಸೂತಿ, ಓದು ಮೂರನ್ನೂ ದಿನದೊಳಗೆ ಕೂರಿಸುವ ಬಗೆ

ನಲವತ್ತರ ಹತ್ತಿರ ಸಂಗೀತದ ಕ್ಲಾಸಿಗೆ ಸೇರಿ ಎರಡು ವರ್ಷವಾದರೂ ಜಂಟಿ ವರಸೆಯಲ್ಲೇ (ಒಂದೊಂದು ಸ್ವರವನ್ನೂ ಜೋಡಿಯಾಗಿ ಹೇಳುವ ಆರಂಭದ ಪಾಠ) ಇರುವವರು, ಅರ್ಧ ಗೋಪುರ ಹಾಕಿದ ಕಸೂತಿ ಬಟ್ಟೆಯನ್ನು ಬೀರುವಿನಲ್ಲಿ ಮಡಿಸಿಟ್ಟವರು, ಆಸೆಪಟ್ಟು ತಂದ ದಪ್ಪ ಕಾದಂಬರಿಯ ನೂರನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಹಾಗೇ ಬಿಟ್ಟವರು, ಇದು ಅವರಿಗೆ. ಬೇಗ ಕಲಿಯುವ ಉಪಾಯ ಇದರಲ್ಲಿ ಇಲ್ಲ. ಆಫೀಸು, ಅಡುಗೆ, ಮಕ್ಕಳ ಹೋಮ್‌ವರ್ಕ್, ಅಪ್ಪ ಅಮ್ಮನ ಆಸ್ಪತ್ರೆ ಓಡಾಟ ಎಲ್ಲ ಇದ್ದಲ್ಲೇ ಇರುತ್ತವೆ. ಅವುಗಳ ನಡುವೆ ಕಾಲು ಗಂಟೆ ಸಿಕ್ಕಿದರೂ ಕೆಲಸ ಒಂದಿಷ್ಟು ಮುಂದೆ ಹೋಗಬೇಕು, ಅಷ್ಟೇ.

ಸಮಯ ಇಲ್ಲ ಅನ್ನುತ್ತೇವೆ. ನನ್ನ ಪ್ರಕಾರ ಸಮಯ ಅಷ್ಟು ದೊಡ್ಡ ತೊಂದರೆ ಅಲ್ಲ. ಸಿಕ್ಕ ಕಾಲು ಗಂಟೆಯಲ್ಲಿ ಹತ್ತು ನಿಮಿಷ ಶುರು ಮಾಡುವುದಕ್ಕೇ ಹೋಗುತ್ತದಲ್ಲ, ಅದು ತೊಂದರೆ. ಸೂಜಿ ಎಲ್ಲಿ, ಕನ್ನಡಕ ಎಲ್ಲಿ, ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಎಳೆ ಎಣಿಸುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮುಂದೆ ಹೇಳುವುದೆಲ್ಲ ಈ ಶುರುವಿನ ಖರ್ಚನ್ನು ಕಡಿಮೆ ಮಾಡುವ ಬಗ್ಗೆಯೇ.

1. ಮೊದಲು ಕೈಯಲ್ಲಿರುವುದನ್ನು ಕಡಿಮೆ ಮಾಡಿ

ಒಂದು ಹಾಳೆ ತೆಗೆದುಕೊಂಡು ನೀವು ಶುರು ಮಾಡಿ ಬಿಟ್ಟಿರುವುದನ್ನೆಲ್ಲ ಬರೆಯಿರಿ. ಕ್ರೋಶಾ, ವಾಟರ್ ಕಲರ್, ಕೊಳಲು, ಸ್ಪ್ಯಾನಿಷ್ ಕಲಿಯುವ ಆ್ಯಪ್, ಯಾವುದನ್ನೂ ಬಿಡಬೇಡಿ. ಆಮೇಲೆ ಅದರಲ್ಲಿ ಜಾಸ್ತಿ ಅಂದರೆ ಮೂರು ಉಳಿಸಿಕೊಳ್ಳಿ. ಮೂರೂ ಒಂದೇ ಜಾತಿಯದ್ದಾಗಿರಬಾರದು. ಒಂದು ಕೈಗೆ, ಒಂದು ಗಂಟಲಿಗೋ ಕಿವಿಗೋ, ಒಂದು ಕಣ್ಣಿಗೆ. ಹೀಗೇಕೆ ಅಂದರೆ ದಿನದ ದಣಿವು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಇಡೀ ದಿನ ಸ್ಕ್ರೀನ್ ನೋಡಿದ ಮೇಲೆ ಕಣ್ಣಿಗೆ ಓದುವುದು ಬೇಡ ಅನಿಸುತ್ತದೆ, ಆದರೆ ಗಂಟಲು ಆರಾಮಾಗಿರುತ್ತದೆ. ನೆಗಡಿ ಬಂದಾಗ ಹಾಡುವುದಾಗುವುದಿಲ್ಲ, ಸೂಜಿ ಹಿಡಿಯಬಹುದು.

ಮಿಕ್ಕಿದ್ದನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದು ಅಟ್ಟಕ್ಕೆ ಹಾಕಿ. ಎಸೆಯುವುದು ಬೇಡ. ಎದುರಿಗಿದ್ದು ಸುಮ್ನೆ ಮನಸ್ಸು ಚುಚ್ಚುತ್ತಿರುವುದು ತಪ್ಪಿದರೆ ಸಾಕು.

2. ಪ್ರತಿಯೊಂದರಲ್ಲೂ ಅತಿ ಚಿಕ್ಕ ಪೂರ್ತಿ ಕೆಲಸ ಯಾವುದು ಅಂತ ಹುಡುಕಿ

'ದಿನಾ ಅರ್ಧ ಗಂಟೆ ಅಭ್ಯಾಸ' ಅನ್ನುವ ಲೆಕ್ಕ ಮನೆಯಲ್ಲಿ ನಡೆಯುವುದಿಲ್ಲ. ಅರ್ಧ ಗಂಟೆ ಸಿಗದ ದಿನ ಏನೂ ಆಗಲಿಲ್ಲ ಅನಿಸಿಬಿಡುತ್ತದೆ. ಗಡಿಯಾರದ ಬದಲು ಕೆಲಸದ ತುಂಡನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಆ ತುಂಡಿಗೆ ಒಂದು ಆದಿ, ಒಂದು ಅಂತ್ಯ ಇರಬೇಕು.

ಸಂಗೀತದಲ್ಲಿ ಇದು ತುಂಬ ಸುಲಭ, ಪಾಠವನ್ನೇ ಹಾಗೆ ಕಟ್ಟಿದ್ದಾರೆ. ಪುರಂದರದಾಸರು ಹಾಕಿಕೊಟ್ಟಿದ್ದು ಎಂದು ಹೇಳುವ ಸರಳೆ ವರಸೆಗಳ ಮೊದಲನೆಯದನ್ನೇ ನೋಡಿ. ಆದಿತಾಳ, ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ. ಇಷ್ಟು ಸೇರಿದರೆ ಒಂದು ಆವರ್ತ. ಒಂದು ಆವರ್ತಕ್ಕೆ ಆರೋಹಣ, ಇನ್ನೊಂದಕ್ಕೆ ಅವರೋಹಣ. ಸೆಕೆಂಡಿಗೆ ಒಂದು ಅಕ್ಷರದಂತೆ ಹಾಕಿದರೆ ಮೊದಲನೇ ಕಾಲದಲ್ಲಿ (ಕಾಲ ಅಂದರೆ ವೇಗ, ಪ್ರತಿಸಲ ಎರಡರಷ್ಟಾಗುತ್ತದೆ) 16 ಸೆಕೆಂಡು, ಎರಡನೇ ಕಾಲದಲ್ಲಿ 8, ಮೂರನೇ ಕಾಲದಲ್ಲಿ 4. ಮೂರೂ ಕಾಲ ಸೇರಿದರೂ ಅರ್ಧ ನಿಮಿಷ ಆಗಲಿಲ್ಲ! ಹಾಲು ಉಕ್ಕುವುದಕ್ಕೆ ಕಾಯುತ್ತಾ ನಿಂತಾಗಲೂ ಇದನ್ನು ನಾಲ್ಕು ಸಲ ಹೇಳಬಹುದು. ಹಾಗಾಗಿ ಸಂಗೀತದ ತುಂಡು ಅಂದರೆ 'ಒಂದು ವರಸೆ, ಮೂರು ಕಾಲ, ಒಂದು ಸಲ ಸ್ವರದಲ್ಲಿ, ಒಂದು ಸಲ ಅಕಾರದಲ್ಲಿ, ಅಂದರೆ ಬರೀ ಆ ಅಂತ'. ಬೇರೆ ಬೇರೆ ತಾಳಗಳಲ್ಲಿ ಹೇಳುವ ಅಲಂಕಾರದ ಪಾಠಕ್ಕೆ ಬಂದ ಮೇಲೆ ತುಂಡು ಉದ್ದವಾಗುತ್ತದೆ. ಧ್ರುವ ತಾಳಕ್ಕೇ 14 ಅಕ್ಷರ, ಅದು ಒಂದೇ ಆದರೂ ಆ ದಿನಕ್ಕೆ ಸಾಕು.

ಕಸೂತಿಯಲ್ಲಿ ತುಂಡು ಅಂದರೆ ಒಂದು ಸೂಜಿ ದಾರ. ಲಡಿಯಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಎರಡೆಳೆ ಬಿಡಿಸಿಕೊಂಡು ಒಂದು ಮೊಳದಷ್ಟು ಕತ್ತರಿಸಿ. ಅದಕ್ಕಿಂತ ಉದ್ದವಾದರೆ ಸಿಕ್ಕಾಗುತ್ತದೆ, ಎಳೆದೆಳೆದು ದಾರದ ಹೊಳಪೂ ಹೋಗುತ್ತದೆ. ಆ ಒಂದು ದಾರ ಮುಗಿದರೆ ಇವತ್ತಿನ ಕೆಲಸ ಮುಗಿಯಿತು. ಇದಕ್ಕೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಹಿಡಿಯಬಹುದು, ಹೊಸಬರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಓದಿಗೆ ನಾಲ್ಕು ಪುಟ. ಕಡಿಮೆ ಅನಿಸುತ್ತದೆ ಅಲ್ವಾ? 600 ಪುಟದ ಕಾದಂಬರಿ ದಿನಕ್ಕೆ ನಾಲ್ಕು ಪುಟದಂತೆ 150 ದಿನಕ್ಕೆ ಮುಗಿಯುತ್ತದೆ. ಅಂದರೆ ಐದು ತಿಂಗಳು. ನೂರನೇ ಪುಟದಲ್ಲಿ ನಿಂತ ಪುಸ್ತಕ ಎಷ್ಟು ವರ್ಷದಿಂದ ಅಲ್ಲೇ ಇದೆ ಅಂತ ಒಮ್ಮೆ ನೆನೆಸಿಕೊಂಡರೆ ಐದು ತಿಂಗಳು ಏನೂ ಅಲ್ಲ. ಹಳೆಗನ್ನಡ, ನಡುಗನ್ನಡ ಓದುವ ಆಸೆ ಇದ್ದವರಿಗೆ ದಿನಕ್ಕೆ ಒಂದೇ ಪದ್ಯ. ಆದರೆ ಕುಮಾರವ್ಯಾಸ ಭಾರತ ಪೂರ್ತಿ ಓದುತ್ತೇನೆ ಅಂತ ಹೊರಡಬೇಡಿ. ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದ್ಯ ಇವೆ, ದಿನಕ್ಕೊಂದರಂತೆ 22 ವರ್ಷ ಬೇಕು. (ಯಾರಾದರೂ ಹಾಗೆ ಓದುತ್ತಿದ್ದರೆ ಅವರಿಗೆ ನನ್ನ ನಮಸ್ಕಾರ.) ಒಂದು ಸಂಧಿ, ಅಂದರೆ ಒಂದು ಅಧ್ಯಾಯ, ಹಿಡಿಯಿರಿ. ಸಂಧಿಗಳು ಚಿಕ್ಕವು ದೊಡ್ಡವು ಇವೆ, ಸುಮಾರಾಗಿ ಎರಡು ತಿಂಗಳಿಗೆ ಒಂದು ಮುಗಿಯುತ್ತದೆ. ಜೋರಾಗಿ ಓದಿ. ಅದರ ಛಂದಸ್ಸಾದ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಕಿವಿಗೆ ಕೂತ ಮೇಲೆ ಪದಗಳನ್ನು ಎಲ್ಲಿ ಒಡೆಯಬೇಕು ಅನ್ನುವುದು ಅರ್ಧ ತಾನಾಗಿಯೇ ಗೊತ್ತಾಗುತ್ತದೆ.

3. ತಲೆಯ ಕೆಲಸ ಬೇರೆ, ಕೈಯ ಕೆಲಸ ಬೇರೆ ಮಾಡಿ

ನನಗೆ ಅತಿ ಮುಖ್ಯ ಅನಿಸುವುದು ಇದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಧಾರವಾಡ ಹುಬ್ಬಳ್ಳಿ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗೋಪುರ, ತುಳಸಿಕಟ್ಟೆಯ ಗೆರೆಗಳಲ್ಲಿ ಗವಂತಿಯ ಕೆಲಸ ಜಾಸ್ತಿ. ಅದನ್ನು ಹಾಕುವುದು ಎರಡು ಪ್ರಯಾಣದಲ್ಲಿ. ಹೋಗುವಾಗ ಬಟ್ಟೆಯ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಹೀಗೆ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಬೇಕು. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಬರಬೇಕು. ಸರಿಯಾಗಿ ಹಾಕಿದರೆ ಬಟ್ಟೆಯ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗಂಟು ಎಲ್ಲೂ ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಜೊತೆಗೇ ಸೇರಿಸಿಕೊಂಡು ಮುಚ್ಚಬೇಕು.

ಈಗ ಗಮನಿಸಿ. ಹೋಗುವಾಗ ಪ್ರತಿ ಹೊಲಿಗೆಗೂ ಎಣಿಸಬೇಕು, ಎಲ್ಲಿ ತಿರುಗಬೇಕು ಅಂತ ಯೋಚಿಸಬೇಕು, ಬೆಳಕು ಚೆನ್ನಾಗಿರಬೇಕು. ಬರುವಾಗ ಎಣಿಕೆಯೇ ಇಲ್ಲ. ಬಿಟ್ಟ ಜಾಗ ಕಣ್ಣೆದುರಿಗೇ ಇದೆ, ತುಂಬಿದರಾಯಿತು. ಹಾಗಾಗಿ ಹೋಗುವ ಪ್ರಯಾಣವನ್ನು ಬೆಳಗ್ಗೆಯೋ ಭಾನುವಾರ ಮಧ್ಯಾಹ್ನವೋ ತಲೆ ತಿಳಿಯಾಗಿರುವಾಗ ಹಾಕಿ, ತಿರುಗುವ ಜಾಗದಲ್ಲಿ ನಿಲ್ಲಿಸಿಬಿಡಿ. ವಾಪಸ್ ಬರುವುದನ್ನು ಸುಸ್ತಾದ ಸಂಜೆಗೆ ಇಟ್ಟುಕೊಳ್ಳಿ. ಟಿವಿ ಎದುರು ಕೂತು, ಅತ್ತೆಯ ಜೊತೆ ಮಾತಾಡುತ್ತಾ ಮಾಡುವಂಥ ಕೆಲಸ ಅದು. ಎರಡು ವಿಷಯ ಮಾತ್ರ ನೆನಪಿರಲಿ. ತಿರುಗುವಾಗ ಸೂಜಿಯಲ್ಲಿ ಅರ್ಧ ದಾರ ಉಳಿದಿರಬೇಕು, ಇಲ್ಲದಿದ್ದರೆ ನಡುದಾರಿಯಲ್ಲಿ ಮುಗಿಯುತ್ತದೆ. ಮತ್ತೆ, ತಿರುಗುವ ಮೊದಲು ಎಣಿಕೆಯನ್ನು ಒಮ್ಮೆ ಸರಿ ನೋಡಿ. ಒಂದೇ ಒಂದು ಎಳೆ ತಪ್ಪಿದರೂ ಗೋಪುರದ ಎರಡು ಬದಿ ಮೇಲೆ ಹೋಗಿ ಸೇರುವುದಿಲ್ಲ. ಹೋದ ದಾರಿಯನ್ನಷ್ಟೇ ಬಿಚ್ಚುವುದು ಎರಡು ನಿಮಿಷದ ಕೆಲಸ, ಬರುವ ದಾರಿಯೂ ತುಂಬಿದ ಮೇಲೆ ಬಿಚ್ಚುವುದಿದೆಯಲ್ಲ, ಅದು ಬೇಡ.

ಸಂಗೀತದಲ್ಲೂ ಇದೇ ಲೆಕ್ಕ. ಹೊಸ ಪಾಠ, ಸ್ವರಸ್ಥಾನ ಸರಿ ಮಾಡಿಕೊಳ್ಳುವುದು, ಮೂರನೇ ಕಾಲ, ಇವೆಲ್ಲ ತಲೆಯ ಕೆಲಸ. ಶುರುವಿನ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ಷಡ್ಜಕ್ಕೂ ರಿಷಭಕ್ಕೂ ನಡುವೆ ಜಾಗ ಕಡಿಮೆ, ರಿಷಭಕ್ಕೂ ಗಾಂಧಾರಕ್ಕೂ ನಡುವೆ ದೊಡ್ಡ ಜಿಗಿತ. ಸುಸ್ತಾಗಿರುವಾಗ ಹಾಡಿದರೆ ರಿಷಭ ಸುಮ್ನೆ ಮೇಲಕ್ಕೆ ಜಾರುತ್ತದೆ, ಅದೇ ಅಭ್ಯಾಸವೂ ಆಗಿಬಿಡುತ್ತದೆ. ಸಂಜೆ ದಣಿದಿದ್ದರೆ ಹಾಡುವುದು ಬಿಟ್ಟು ಬೇರೆ ಮಾಡಿ. ತಂಬೂರಿ ಹಾಕಿಕೊಂಡು ಷಡ್ಜ-ಪಂಚಮದಲ್ಲಿ ನಿಲ್ಲುವುದು, ಬಾಯಲ್ಲಿ ಏನೂ ಹೇಳದೆ ಬರೀ ತಾಳ ಹಾಕುವುದು, ಗುರುಗಳು ಹೇಳಿಕೊಟ್ಟ ಗೀತೆಯ ರೆಕಾರ್ಡಿಂಗ್ ಕೇಳುತ್ತಾ ಸಾಹಿತ್ಯ ಬರೆದುಕೊಳ್ಳುವುದು. ಇದೂ ಅಭ್ಯಾಸವೇ. ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದರೆ ಪಕ್ಕದವರು ಒಮ್ಮೆ ನೋಡುತ್ತಾರೆ, ಆಮೇಲೆ ತಮ್ಮ ಫೋನ್ ನೋಡುತ್ತಾರೆ.

ಓದುವುದರಲ್ಲಿ ಎರಡು ಪುಸ್ತಕ ಇಟ್ಟುಕೊಳ್ಳಿ, ಒಂದು ಗಟ್ಟಿ, ಒಂದು ಹಗುರ. ಅಷ್ಟೇ.

4. ಸಾಮಾನು ಕೈಗೆಟುಕುವಂತಿರಲಿ

ಒಂದು ಸ್ಟೀಲ್ ಡಬ್ಬಿ ಸಾಕು. ಅದರಲ್ಲಿ ಬಟ್ಟೆ, ಒಂದು ಮೊಳದ್ದಾಗಿ ಮೊದಲೇ ಕತ್ತರಿಸಿಟ್ಟ ದಾರ, ಸಣ್ಣ ಕತ್ತರಿ, ಓದುವ ಕನ್ನಡಕ. ಕನ್ನಡಕ ಇನ್ನೊಂದು ಜೊತೆ ಮಾಡಿಸಿ ಡಬ್ಬಿಯಲ್ಲೇ ಇಟ್ಟರೆ ಇನ್ನೂ ಒಳ್ಳೆಯದು, ನಲವತ್ತು ದಾಟಿದವರು ಹುಡುಕುವುದರಲ್ಲಿ ಅರ್ಧ ಪಾಲು ಅದೇ ಇರುತ್ತದೆ. ಶುರುವಿಗೆ ಮ್ಯಾಟಿ ಬಟ್ಟೆ ತೆಗೆದುಕೊಳ್ಳಿ, ಎಳೆ ಎಣಿಸುವುದು ಸುಲಭ. ಇಳಕಲ್ ಸೀರೆಯ ಆಸೆ ಸದ್ಯಕ್ಕೆ ಬೇಡ. ರಿಂಗ್ ಹಾಕುವ ಅಭ್ಯಾಸ ಇದ್ದರೆ ಪ್ರತಿಸಲ ಬಿಚ್ಚಿಡಿ, ಬಿಟ್ಟರೆ ಬಟ್ಟೆಯ ಮೇಲೆ ಗುಂಡಗೆ ಗುರುತು ಉಳಿಯುತ್ತದೆ. ಸೂಜಿಯನ್ನು ಚಿತ್ತಾರದ ಮೇಲೆ ಚುಚ್ಚಿ ಬಿಡಬೇಡಿ, ಅದರಲ್ಲೂ ಮಳೆಗಾಲದಲ್ಲಿ. ತುಕ್ಕಿನ ಚುಕ್ಕೆ ಹೋಗಿಸುವುದು ಕಷ್ಟ. ಬಟ್ಟೆಯ ಅಂಚಿಗೆ ಚುಚ್ಚಿಡಿ.

ತಂಬೂರಿ ಪೆಟ್ಟಿಗೆಯೋ ಫೋನಿನ ಆ್ಯಪೋ, ಯಾವುದಾದರೂ ಸರಿ, ನಿಮ್ಮ ಶ್ರುತಿಗೆ ಒಮ್ಮೆ ಸೆಟ್ ಮಾಡಿ ಬಿಡಿ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಐದು, ಐದೂವರೆ, ಗಂಡಸರಿಗೆ ಒಂದರಿಂದ ಎರಡರ ಒಳಗೆ ಕೂರುತ್ತದೆ, ಗುರುಗಳೇ ನೋಡಿ ಹೇಳುತ್ತಾರೆ. ಇವತ್ತು ಗಂಟಲು ಸರಿ ಇಲ್ಲ ಅಂತ ದಿನಕ್ಕೊಂದು ಶ್ರುತಿ ಬದಲಾಯಿಸಬೇಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಪಕ್ಕದ ಮನೆಯವರ ಚಿಂತೆ ಇರುತ್ತದೆ. ಬೆಳಗ್ಗೆ ಮಂದ್ರ ಸ್ಥಾಯಿಯ (ಕೆಳಗಿನ ಸ್ವರಗಳ) ಸಾಧನೆ ಮಾಡಿ, ಅದಕ್ಕೆ ಜೋರು ದನಿ ಬೇಡ, ಗಂಟಲಿಗೂ ಒಳ್ಳೆಯದು. ತಾರ ಷಡ್ಜ ಹತ್ತುವುದನ್ನು ಮಿಕ್ಸಿ ಓಡುವ ಹೊತ್ತಿಗೆ ಇಟ್ಟುಕೊಳ್ಳಿ.

ಪುಸ್ತಕ ಫೋನಿಗಿಂತ ಹತ್ತಿರ ಇರಬೇಕು. ಅದು ಆಗದ ಮಾತು ಅನ್ನುವವರು ಫೋನಿನಲ್ಲೇ ಓದಿ. ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಗ್ರಂಥಾಲಯ ಇದೆ. ವಚನಗಳಿಗೆ 'ವಚನ ಸಂಚಯ' ಜಾಲತಾಣ ಇದೆ, 20 ಸಾವಿರಕ್ಕೂ ಹೆಚ್ಚು ವಚನ ಅಲ್ಲಿ ಹುಡುಕಲು ಸಿಗುತ್ತವೆ. ಗೊತ್ತಿಲ್ಲದ ಪದ ಬಂದರೆ 'ಅಲರ್' ನಿಘಂಟು ನೋಡಬಹುದು. ಅದರ ಒಂದೂವರೆ ಲಕ್ಷದಷ್ಟು ಪದಗಳನ್ನು ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಒಬ್ಬರೇ ಕೂಡಿಸಿದ್ದು. ನಾವು ಐದು ತಿಂಗಳಿಗೆ ಒಂದು ಕಾದಂಬರಿ ಅಂತ ನಾಚಿಕೊಳ್ಳುತ್ತೇವೆ. ಪದ ಬಂದಾಗಲೆಲ್ಲ ನಿಲ್ಲಿಸಿ ನೋಡಬೇಡಿ, ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಿ, ನಾಲ್ಕು ಪುಟ ಮುಗಿದ ಮೇಲೆ ಒಟ್ಟಿಗೆ ನೋಡಿ. ಪದ ನೋಡಲು ಫೋನ್ ತೆಗೆದವರು ಎಲ್ಲಿಗೆ ಹೋಗಿ ತಲುಪುತ್ತಾರೆ ಅಂತ ನಿಮಗೇ ಗೊತ್ತು.

5. ನಿಲ್ಲಿಸುವಾಗ ಒಂದು ಚೀಟಿ

ಏಳುವ ಮೊದಲು ಅರ್ಧ ನಿಮಿಷ. 'ಮುಂದಿನ ಸಲ: ಬಲಗಡೆ ತಿರುಗಿ, ಆರು ಹೊಲಿಗೆ, ಆಮೇಲೆ ಕಳಶ.' 'ಜಂಟಿ ಮೂರನೆಯದು, ಎರಡನೇ ಕಾಲದಲ್ಲಿ ಪಪ-ದದ ಹತ್ತಿರ ಎಡವುತ್ತಿದೆ.' ಹೀಗೆ ಒಂದೇ ಸಾಲು ಬರೆದು ಡಬ್ಬಿಯೊಳಗೆ, ಪುಸ್ತಕದೊಳಗೆ ಇಡಿ. ದೊಡ್ಡ ಕಾದಂಬರಿಯಾದರೆ ಪುಟದ ಗುರುತಿಗೆ ಇಟ್ಟ ಕಾಗದದ ಮೇಲೇ ಪಾತ್ರಗಳ ಹೆಸರು, ಯಾರು ಯಾರ ಮಗ, ಯಾವ ಮನೆ ಅಂತ ಬರೆಯುತ್ತಾ ಹೋಗಿ. ನಮ್ಮ ಮಲೆನಾಡಿನ ಕಾದಂಬರಿಗಳಲ್ಲಿ ಹತ್ತು ದಿನ ಬಿಟ್ಟು ಬಂದರೆ ಗೌಡರು ಯಾರು, ಹೆಗ್ಗಡೆಯವರು ಯಾರು ಅಂತ ಮರೆತೇ ಹೋಗಿರುತ್ತದೆ.

6. ಮುಂದೆ ಹೋಗಿದ್ದು ಕಾಣುವಂತೆ ಮಾಡಿಕೊಳ್ಳಿ

ನಿಧಾನ ಕಲಿಯುವವರಿಗೆ ತಮ್ಮ ಪ್ರಗತಿ ತಮಗೇ ಕಾಣುವುದಿಲ್ಲ. ದಿನಾ ಕನ್ನಡಿ ನೋಡುವವರಿಗೆ ಕೂದಲು ಬೆಳೆದಿದ್ದು ತಿಳಿಯದ ಹಾಗೆ. ತಿಂಗಳಿಗೆ ಒಮ್ಮೆ, ಅದೇ ವರಸೆ, ಅದೇ ಶ್ರುತಿ, ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಹೆಸರಿನ ಜಾಗದಲ್ಲಿ ತಾರೀಖು ಹಾಕಿ ಬಿಟ್ಟುಬಿಡಿ. ಆಗಲೇ ಕೇಳಬೇಡಿ. ಮೂರು ತಿಂಗಳಾದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಕೇಳಿ. 'ಚೆನ್ನಾಗಿದೆಯಾ' ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ ಇಲ್ಲ ಅಂತಲೇ ಬರುತ್ತದೆ, ಅದಕ್ಕೇ ಇಂಥದ್ದನ್ನು ಹುಡುಕಿ: ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದೇನೆ, ಜಂಟಿಯಲ್ಲಿ ಎರಡನೇ ಸ್ವರಕ್ಕೆ ಒತ್ತು ಬೀಳುತ್ತಿದೆಯಾ, ಮೇಲಿನಿಂದ ವಾಪಸ್ ಬಂದಾಗ ಷಡ್ಜ ತಂಬೂರಿಯ ಷಡ್ಜಕ್ಕೆ ಸೇರುತ್ತಿದೆಯಾ.

ಕಸೂತಿಯಲ್ಲಿ ಬಟ್ಟೆ ತಿರುಗಿಸಿ ನೋಡಿ. ಹಿಂದಿನ ಮುಖವೇ ನಿಮ್ಮ ಮಾರ್ಕ್ಸ್ ಕಾರ್ಡ್. ಓದಿದ್ದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಪುಟದ ಸಂಖ್ಯೆ, ಇಷ್ಟವಾದ ಒಂದು ಪದ ಸಾಕು. ವಿಮರ್ಶೆ ಬರೆಯುವ ಆಸೆ ಈ ಹಂತದಲ್ಲಿ ಬೇಡ, ಅದು ಇನ್ನೊಂದು ಹವ್ಯಾಸ.

7. ಬಿಟ್ಟುಹೋದಾಗ ಹೇಗೆ ಸೇರಿಕೊಳ್ಳುವುದು

ಬಿಟ್ಟುಹೋಗುತ್ತದೆ. ದಸರಾ, ಮನೆಯಲ್ಲೊಂದು ಮದುವೆ, ಮಕ್ಕಳ ಪರೀಕ್ಷೆ, ಜ್ವರ, ಏನಾದರೂ ಒಂದು. ಮೂರು ವಾರ ಬಿಟ್ಟವರು ನಾಲ್ಕನೇ ವಾರ ಬರದೇ ಇರಲು ಕಾರಣ ಸೋಮಾರಿತನ ಅಲ್ಲ. ಬಿಟ್ಟ ಜಾಗದಿಂದಲೇ ಹಿಡಿಯಲು ಹೋಗುತ್ತಾರೆ, ಆಗುವುದಿಲ್ಲ, ಬೇಜಾರಾಗುತ್ತದೆ. ಆದ್ದರಿಂದ ಎರಡು ಹೆಜ್ಜೆ ಹಿಂದೆ ಬಂದು ಸೇರಿಕೊಳ್ಳಿ. ಗೀತೆಯಲ್ಲಿದ್ದವರು ಅಲಂಕಾರದಿಂದ, ಅಲಂಕಾರದಲ್ಲಿದ್ದವರು ಜಂಟಿಯಿಂದ. ಮೊದಲ ದಿನವಂತೂ ವರಸೆಯೂ ಬೇಡ, ಶ್ರುತಿಯಲ್ಲಿ ಸ-ಪ-ಸ ಹಿಡಿದು ನಿಂತರೆ ಸಾಕು. ಕಸೂತಿಗೆ ಬೇರೆ ತುಂಡು ಬಟ್ಟೆ ಇಟ್ಟುಕೊಳ್ಳಿ, ಕೈ ಹದಕ್ಕೆ ಬರುವವರೆಗೆ ಅದರ ಮೇಲೆ ಒಂದು ದಾರ ಮುರ್ಗಿ ಹಾಕಿ, ಆಮೇಲೆ ಮುಖ್ಯ ಬಟ್ಟೆ ಮುಟ್ಟಿ. ಕಾದಂಬರಿಯಾದರೆ ಮೊದಲಿನಿಂದ ಓದುವುದು ಬೇಡವೇ ಬೇಡ. ನೂರನೇ ಪುಟದಲ್ಲಿ ನಿಂತ ಪುಸ್ತಕಗಳು ಅಲ್ಲೇ ನಿಂತಿರುವುದು ಪ್ರತಿಸಲ ಒಂದನೇ ಪುಟಕ್ಕೆ ಹೋಗುವುದರಿಂದ. ಹಿಂದಿನ ಹತ್ತು ಪುಟ ಕಣ್ಣಾಡಿಸಿ, ಚೀಟಿ ನೋಡಿ, ಮುಂದೆ ನಡೆಯಿರಿ.

ಬಿಟ್ಟ ದಿನಗಳ ಬಾಕಿ ತೀರಿಸಲು ಒಂದೇ ದಿನ ನಲವತ್ತು ಪುಟ ಓದುವುದು, ಎರಡು ಗಂಟೆ ಹಾಡುವುದು ಕೂಡದು. ಗಂಟಲು ಕಟ್ಟುತ್ತದೆ, ಮಾರನೇ ದಿನ ಮತ್ತೆ ರಜೆ.

8. ಜನರನ್ನು ಸಂಭಾಳಿಸುವುದು

ಇದನ್ನು ಯಾವ ಪಾಠದಲ್ಲೂ ಹೇಳಿಕೊಡುವುದಿಲ್ಲ. ಗೃಹಪ್ರವೇಶಕ್ಕೆ ಹೋದಾಗ ದೊಡ್ಡಮ್ಮ ಎಲ್ಲರೆದುರು "ಸಂಗೀತದ ಕ್ಲಾಸಿಗೆ ಹೋಗ್ತೀಯಂತಲ್ಲೇ, ಎಲ್ಲಿ ಒಂದು ಹಾಡು ಹೇಳಮ್ಮ" ಅಂದುಬಿಡುತ್ತಾರೆ. 'ಇನ್ನೂ ವರಸೆಯಲ್ಲೇ ಇದ್ದೀನಿ' ಅಂದರೆ 'ಎರಡು ವರ್ಷ ಆಯ್ತಲ್ಲೇ' ಅನ್ನುವ ಮಾತು ಬರುವುದು ಗ್ಯಾರಂಟಿ. ಅದಕ್ಕೇ ಗುರುಗಳನ್ನು ಕೇಳಿ ಒಂದು ಚಿಕ್ಕ ದೇವರನಾಮ ಕಲಿತಿಟ್ಟುಕೊಳ್ಳಿ, ಪಲ್ಲವಿ ಮತ್ತು ಒಂದು ಚರಣ. ಪಾಠದ ಕ್ರಮ ತಪ್ಪಿತು ಅಂತ ಮುಖ ಸಿಂಡರಿಸುವ ಗುರುಗಳೂ ಇದ್ದಾರೆ, ಆದರೆ ದೊಡ್ಡವರಾದ ಮೇಲೆ ಕಲಿಯುವವರ ಕಷ್ಟ ಗೊತ್ತಿದ್ದವರು ಒಪ್ಪುತ್ತಾರೆ.

ಗುರುಗಳಿಗೆ ಮೊದಲ ತಿಂಗಳೇ ನೇರವಾಗಿ ಹೇಳಿ: ನನಗೆ ದಿನಕ್ಕೆ ಕಾಲು ಗಂಟೆಯೇ ಸಿಗುವುದು, ಜೂನಿಯರ್ ಪರೀಕ್ಷೆ ಕಟ್ಟುವ ಯೋಚನೆ ಇಲ್ಲ (ಅಥವಾ ಇದೆ), ಹದಿನೈದು ದಿನಕ್ಕೊಂದು ಕ್ಲಾಸ್ ಆಗುತ್ತದೆಯಾ. ಹತ್ತು ವರ್ಷದ ಮಕ್ಕಳ ಬ್ಯಾಚಿನಲ್ಲಿ ಕೂರಿಸಿದರೆ ಬೇಜಾರು ಬೇಡ. ಆದರೆ ಅವರ ವೇಗಕ್ಕೆ ಓಡಲು ಹೋಗಬೇಡಿ. ಮಕ್ಕಳು ಕೇಳಿದ್ದನ್ನು ಹಾಗೇ ಹಿಡಿಯುತ್ತಾರೆ, ದೊಡ್ಡವರು 'ಯಾಕೆ' ಅಂತ ಯೋಚಿಸಿ ತಡ ಮಾಡುತ್ತಾರೆ. ಅದೇ ದೊಡ್ಡವರಿಗೆ ತಾಳದ ಲೆಕ್ಕ ಬೇಗ ಅರ್ಥವಾಗುತ್ತದೆ.

9. ಬಿಡಬೇಕೆನಿಸಿದರೆ

ಎರಡು ತಿಂಗಳು ಕೈಗೆಟುಕುವ ಜಾಗದಲ್ಲಿದ್ದರೂ, ತುಂಡು ಚಿಕ್ಕದಿದ್ದರೂ, ಮನೆಯಲ್ಲಿ ಯಾವ ಗಲಾಟೆ ಇಲ್ಲದಿದ್ದರೂ ಡಬ್ಬಿ ತೆರೆಯಲು ಮನಸ್ಸಾಗುತ್ತಿಲ್ಲ ಅಂದರೆ ಅದನ್ನು ಬಿಡಬಹುದು. ನಾಚಿಕೆ ಬೇಡ. ಅಟ್ಟದ ಚೀಲದಿಂದ ಇನ್ನೊಂದನ್ನು ಇಳಿಸಿಕೊಳ್ಳಿ, ಇದು ಆ ಜಾಗಕ್ಕೆ ಹೋಗಲಿ.

ಇಡುವ ಮೊದಲು ಸಾಮಾನಿಗೆ ಸ್ವಲ್ಪ ಉಪಚಾರ ಬೇಕು. ಕಸೂತಿ ಬಟ್ಟೆಯನ್ನು ಒಗೆದು ಒಣಗಿಸಿ, ಮಡಿಕೆ ಬೀಳದಂತೆ ಸುತ್ತಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ ಇಡಿ. ಪ್ಲಾಸ್ಟಿಕ್ ಬೇಡ, ತೇವ ಒಳಗೇ ಉಳಿಯುತ್ತದೆ. ಪಿಟೀಲಾದರೆ ಕಮಾನಿನ ತಿರುಪು ಸಡಿಲ ಮಾಡಿ. ಹಾರ್ಮೋನಿಯಂ ಇದ್ದರೆ ಬಟ್ಟೆ ಮುಚ್ಚಿ ಇಲಿ ಸೇರದ ಜಾಗ ನೋಡಿ ಇಡಿ. ಪುಸ್ತಕವನ್ನು ಯಾರಿಗಾದರೂ ಕೊಡುವುದಾದರೆ ನಿಮ್ಮ ಪಾತ್ರಗಳ ಚೀಟಿಯನ್ನು ಅದರಲ್ಲೇ ಬಿಡಿ, ಓದುವವರಿಗೆ ಅನುಕೂಲ. ತಂಬೂರಿ ಪೆಟ್ಟಿಗೆ ಸೆಲ್ಲಿನದ್ದಾಗಿದ್ದರೆ ಸೆಲ್ ತೆಗೆದಿಡಿ. ವರ್ಷ ಬಿಟ್ಟು ತೆರೆದಾಗ ಸೆಲ್ ಸೋರಿ ಒಳಗಿನ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಅದರ ರಿಪೇರಿಗೆ ಒಂದು ತಿಂಗಳ ಕ್ಲಾಸಿನ ಫೀಸೇ ಹೋಗಬಹುದು.